ಗೋಪುರದ ಸೇರು

ನಮ್ಮ ಅವ್ವ ರಾಗಿ ಅಳೆಯುವಾಗ ಬಾಯಲ್ಲಿ 'ಒಂದು' ಬರುತ್ತಿರಲಿಲ್ಲ. ಮೊದಲ ಸೇರು ಸುರಿದು 'ಲಾಭಂ' ಅನ್ನುತ್ತಿದ್ದಳು. ಆಮೇಲೆ ರೆಂಡು, ಮೂಡು, ನಾಲುಗು, ಐದು, ಆರು. ಏಳಕ್ಕೆ ಬಂದಾಗ ಮತ್ತೆ ನಾಲಿಗೆ ಪಕ್ಕಕ್ಕೆ ಹೊರಳುತ್ತಿತ್ತು: 'ಆರುನ್ನೊಕಟಿ', ಅಂದರೆ ಆರರ ಮೇಲೊಂದು. ತೆಲುಗಿನಲ್ಲಿ 'ಏಡು' ಅಂದರೆ ಏಳೂ ಹೌದು, 'ಅಳು' ಅನ್ನುವುದೂ ಹೌದು. ಮನೆಗೆ ಬಂದ ಧಾನ್ಯದ ಮುಂದೆ ಕೂತು ಅಳು ಅನ್ನಬಾರದು. ಎಂಟರಿಂದ ಮತ್ತೆ ಸರಾಗ.

ನಮ್ಮ ಕಡೆ ಅಜ್ಜಿಗೆ ಅವ್ವ, ಅಪ್ಪನಿಗೆ ನಾಯನ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಬೈಗುಳಕ್ಕೆ ಎರಡೂ. ಮುಳಬಾಗಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ನಮ್ಮೂರು. ಎಪ್ಪತ್ತೋ ಎಂಬತ್ತೋ ಮನೆ. ಮುಳಬಾಗಲು ಅಂದರೆ ಮೂಡಲ ಬಾಗಿಲು; ಮೈಸೂರು ಸೀಮೆಯ ಆ ಬಾಗಿಲನ್ನು ದಾಟಿದರೆ ಆಂಧ್ರ. ಬಾಗಿಲ ಹೊಸ್ತಿಲ ಮೇಲೆಯೇ ಬದುಕಿದವರಿಗೆ ಒಳಗು ಯಾವುದು ಹೊರಗು ಯಾವುದು ಎಂಬ ಗೊಂದಲ ಯಾವತ್ತೂ ಕಾಡಲಿಲ್ಲ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಮಣ್ಣಿನ ಗೋಡೆ, ಕಲ್ಲುಕೂಚದ ಮೇಲೆ ನಿಂತ ಮಣ್ಣಿನ ಮಾಳಿಗೆ, ಬಾಗಿಲೊಳಗೆ ಕಾಲಿಟ್ಟ ಕೂಡಲೇ ದನ, ಅವುಗಳ ಆಚೆಗೆ ನಾವು. ರಾತ್ರಿ ಎತ್ತು ಮಗ್ಗಲು ಬದಲಿಸಿದರೆ ಕೊರಳ ಗಂಟೆಯ ಸದ್ದು ನಮ್ಮ ನಿದ್ದೆಯೊಳಕ್ಕೇ ಬರುತ್ತಿತ್ತು. ಮಳೆ ಜೋರಾದರೆ ಮಾಳಿಗೆ ಸೋರುವಲ್ಲೆಲ್ಲ ತಪ್ಪಲೆ, ಚೆಂಬು, ಅವ್ವನ ಎಲೆಯಡಿಕೆ ತಟ್ಟೆ. ಒಂದೊಂದು ಪಾತ್ರೆಗೆ ಒಂದೊಂದು ಸದ್ದು. ಮಳೆ ಅಪರೂಪದ ನೆಂಟನಾದ್ದರಿಂದ ಆ ಸದ್ದಿಗೆ ಯಾರೂ ಬೈಯುತ್ತಿರಲಿಲ್ಲ.

ಅಂಗಳದಲ್ಲಿ ಹಗೇವು. ನೆಲದೊಳಗೆ ಹೂಜಿಯ ಹಾಗೆ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಹುಲ್ಲು ತುರುಕಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ತೆಗೆಯುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಉರಿಯುತ್ತಿದ್ದರೆ ಸೊಂಟಕ್ಕೆ ಹಗ್ಗ ಬಿಗಿದು ಒಬ್ಬ ಇಳಿಯುತ್ತಿದ್ದ. ಹಾಗೆ ಇಳಿಯುತ್ತಿದ್ದವನು ನಮ್ಮ ಮನೆಯವನಲ್ಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೋಲಾರ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಪಾಲಾರ್, ಪಾಪಾಗ್ನಿ, ದಕ್ಷಿಣ ಪಿನಾಕಿನಿ ಅಂತ ಹೆಸರುಗಳೇನೋ ಇವೆ. ಮಳೆ ಬಿದ್ದರೆ ಮಾತ್ರ ನೀರು. ಅದಕ್ಕೇ ಹಿಂದಿನವರು ಕೆರೆ ಕಟ್ಟಿದರು. ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳು. ಒಂದರ ಕೋಡಿ ಹರಿದರೆ ಇನ್ನೊಂದಕ್ಕೆ ನೀರು, ಅದು ತುಂಬಿದರೆ ಮತ್ತೊಂದಕ್ಕೆ. ಮೇಲಿನೂರಿನ ಕೆರೆ ಕೋಡಿ ಬಿತ್ತೆಂದು ಕೇಳಿದ ದಿನ ನಮ್ಮೂರಲ್ಲಿ ಯಾರಿಗೂ ಮನೆಯೊಳಗೆ ಕಾಲು ನಿಲ್ಲುತ್ತಿರಲಿಲ್ಲ. ನಮ್ಮ ಕೆರೆಯೂ ಕೋಡಿ ಬಿದ್ದರೆ ಗಂಗಮ್ಮನಿಗೆ ಪೂಜೆ, ಕೋಳಿ, ತಮಟೆ.

ತೂಬಿನ ಯಜಮಾನ ನೀರುಗಂಟಿ. ಅಚ್ಚುಕಟ್ಟಿನಲ್ಲಿ ಯಾರ ಮಡಿಗೆ ಎಷ್ಟು ಹೊತ್ತು ನೀರು ಅಂತ ಅವನು ಹೇಳಿದ್ದೇ ಸೈ. ಪಟೇಲರ ಗದ್ದೆಯೂ ಸರದಿಯಲ್ಲಿ ಕಾಯಬೇಕು. ಅವನ ಹತ್ತಿರ ಗಡಿಯಾರವಿರಲಿಲ್ಲ; ನೆರಳನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ. ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಗಾಡಿಗಳು ಸಾಲುಗಟ್ಟಿ ಗೋಡು ಹೊಡೆಯುತ್ತಿದ್ದವು. ಹೊಲಕ್ಕೆ ಅದೇ ಗೊಬ್ಬರ, ಕೆರೆಗೆ ಅದೇ ಹೂಳೆತ್ತಿಸಿದ ಪುಣ್ಯ. ಯಾವ ಇಲಾಖೆಯೂ ಟೆಂಡರ್ ಕರೆಯುತ್ತಿರಲಿಲ್ಲ.

ಕೆರೆ ಕೆಳಗಿನ ಗದ್ದೆ ಇದ್ದವರು ಕೆಲವರೇ. ಊರು ಬದುಕಿದ್ದು ಹೊಲದ ರಾಗಿಯ ಮೇಲೆ. ಕೂರಿಗೆ ಹೂಡಿ ರಾಗಿ ಬಿತ್ತುವಾಗ ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ, ಅಂಚಿಗೆ ಹರಳು. ರಾಗಿ ಕೈಕೊಟ್ಟರೆ ಅವರೆ ಕೈಹಿಡಿಯುತ್ತಿತ್ತು. ಸಾರಿನ ಬೇಳೆ, ಒಗ್ಗರಣೆಯ ಸಾಸಿವೆ, ದೀಪದ ಎಣ್ಣೆ, ದನದ ಮೇವು, ಎಲ್ಲ ಒಂದೇ ಹೊಲದಿಂದ. ದಿನಸಿ ಅಂಗಡಿಯವನಿಗೆ ನಮ್ಮಿಂದ ಸಿಗುತ್ತಿದ್ದದ್ದು ಉಪ್ಪು, ಬೆಲ್ಲ, ಸೀಮೆಎಣ್ಣೆ, ಬೀಡಿಗಳ ವ್ಯಾಪಾರ ಅಷ್ಟೇ. ಅದಕ್ಕೂ ರೊಕ್ಕ ಬೇಕಲ್ಲ. ನೆಲಗಡಲೆ, ಹುಣಸೆಹಣ್ಣು, ಹೊಂಗೆ ಬೀಜ ಮಾರಿದರೆ ಬರಬೇಕು. ಹೊಂಗೆ ಬೀಜ ಆರಿಸುವುದು ಮಕ್ಕಳ ಕೆಲಸ. ಆ ಕಾಸಿನಲ್ಲಿ ಬಳಪ, ಬತ್ತಾಸು, ಜಾತ್ರೆಯ ಪೀಪಿ.

ಹೆಚ್ಚು ರೊಕ್ಕ ಕಂಡವನೆಂದರೆ ಚಿನ್ನದ ಗಣಿಯಲ್ಲಿದ್ದ ಮಾವನೊಬ್ಬ. ಕೆಜಿಎಫ್‌ನಿಂದ ತಿಂಗಳಿಗೊಮ್ಮೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುತ್ತಿದ್ದ. ಭೂಮಿಯೊಳಗೆ ಎರಡು ಮೈಲಿ ಇಳಿಯುವ ಕಥೆ ಹೇಳಿದರೆ ಅವ್ವ ಕಣ್ಣರಳಿಸಿ, 'ಅಷ್ಟು ಕೆಳಗೆ ದೀಪ ಆರಲ್ವೇನಪ್ಪೋ?' ಎಂದು ಕೇಳಿದ್ದಳು. ಅವಳ ಪಾಲಿಗೆ ನೆಲದೊಳಗಿನ ಲೋಕವೆಂದರೆ ಹಗೇವು.

ಊಟ ಮುದ್ದೆ. ಬೆಳಿಗ್ಗೆ ರಾತ್ರಿಯ ತಂಗಳು ಮುದ್ದೆ, ಮಜ್ಜಿಗೆ, ಊರುಬಿಂಡಿ. ನೆಲಗಡಲೆ ಹುರಿದು, ಒಣಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ಒರಳಿನಲ್ಲಿ ರುಬ್ಬಿದ್ದು. ಮಳೆ ಬಿದ್ದ ಮೇಲೆ ಹೊಲದಲ್ಲಿ ತಾನಾಗಿ ಎದ್ದ ಅಣ್ಣೆ, ದಗ್ಗಲ, ಗೋಣಿ ಎಲ್ಲ ಕಿತ್ತು ತಂದರೆ ಬೆರಕೆ ಸೊಪ್ಪಿನ ಸಾರು. ಮಾರ್ಗಶಿರದ ಚಳಿಗೆ ಅವರೆಕಾಯಿ. ರಾತ್ರಿ ಬುಡ್ಡಿ ದೀಪದ ಸುತ್ತ ಕೂತು ನೆನೆದ ಕಾಳನ್ನು ಹಿತುಕುವುದು. ಒಬ್ಬರ ಬೆರಳಿಂದ ಚಿಮ್ಮಿದ ಬೇಳೆ ಇನ್ನೊಬ್ಬರ ಮೂಗಿಗೆ. ಆ ಸಾರಿನ ಘಮ ಬಂದ ಮನೆಗೆ ನೆಂಟರು ತಾವಾಗಿ ಬರುತ್ತಿದ್ದರು. ಅನ್ನ ಮಾತ್ರ ಹಬ್ಬಕ್ಕೆ, ಜ್ವರಕ್ಕೆ. ಅನ್ನ ತಿನ್ನುವ ಆಸೆಗೆ ಜ್ವರ ಬಂದವರ ಹಾಗೆ ಮಲಗಿ ಕಷಾಯ ಕುಡಿದದ್ದೂ ಉಂಟು. ಶಾಲೆಯಲ್ಲಿ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟು ಹಂಚುತ್ತಿದ್ದರು. ಅದಕ್ಕಾಗಿಯೇ ಶಾಲೆಗೆ ಬಂದು ಓದು ಕಲಿತವರು ನಮ್ಮಲ್ಲಿ ಬಹಳ ಜನ.

ಸಂಕ್ರಾಂತಿಗೆ ಎತ್ತುಗಳ ಕೊಂಬಿಗೆ ಬಣ್ಣ. ಸಂಜೆ ಊರ ಹೊರಗೆ ಕಾಟಮರಾಯನ ಪೂಜೆ, ಕಿಚ್ಚು ಹಾಯಿಸುವುದು. ಶಿವರಾತ್ರಿ ಕಳೆದರೆ ಆವನಿ ಜಾತ್ರೆ. ರಾಮಲಿಂಗೇಶ್ವರನ ತೇರಿಗಿಂತ ನಮಗೆ ದನದ ಪರಿಷೆ ದೊಡ್ಡದು. ಹಳ್ಳಿಕಾರ್ ಜೋಡಿಗಳು ಪೆಂಡಾಲಿನ ನೆರಳಲ್ಲಿ ಮದುವೆ ಗಂಡಿನ ಗತ್ತಿನಲ್ಲಿ ನಿಂತಿರುತ್ತಿದ್ದವು. ದಲ್ಲಾಳಿ ಹೆಗಲ ಟವೆಲ್ಲನ್ನು ಕೈಮೇಲೆ ಹೊದಿಸಿ, ಅದರಡಿ ನಾಯನನ ಬೆರಳು ಹಿಡಿಯುತ್ತಿದ್ದ. ಬಾಯಲ್ಲಿ ಮಳೆ ಬೆಳೆಯ ಮಾತು, ಬೆರಳಲ್ಲಿ ಬೆಲೆ. ಒಮ್ಮೆ ನಾಯನ ಬೆರಳನ್ನು ಥಟ್ಟನೆ ಎಳೆದುಕೊಂಡು ಎದ್ದುಬಿಟ್ಟ. ಎಷ್ಟು ಹೇಳಿದ ಅಂತ ದಾರಿಯುದ್ದಕ್ಕೂ ಕೇಳಿದರೂ ಹೇಳಲಿಲ್ಲ. ಟವೆಲ್ ಕೆಳಗಿನ ಮಾತು ಟವೆಲ್ ಕೆಳಗೇ.

ಮಾಘದ ಹೊತ್ತಿಗೆ ಕಣ. ಸಗಣಿ ಬಗ್ಗಡ ಹಾಕಿ ಸಾರಿಸಿದ ನೆಲದ ಮೇಲೆ ಮೆದೆ ಕಿತ್ತು ಹರಡಿ, ರೋಣುಗಲ್ಲು ಕಟ್ಟಿದ ಎತ್ತು ಸುತ್ತಿಸಿ, ಗಾಳಿ ಬಂದಾಗ ತೂರಿ, ರಾಶಿ ಮಾಡುವುದು. ಮುಯ್ಯಾಳಿನ ಲೆಕ್ಕದಲ್ಲಿ ನಮ್ಮ ಕಣಕ್ಕೆ ಅವರು, ಅವರ ಕಣಕ್ಕೆ ನಾವು. ರಾಶಿ ಪೂಜೆ ಆದ ಮೇಲೆ ಅವ್ವ ಸೇರು ಹಿಡಿದು ಕೂತಳೆಂದರೆ ಊರಿನ ವರ್ಷದ ಲೆಕ್ಕ ಅಲ್ಲೇ ಮುಗಿಯಬೇಕು. ಕಮ್ಮಾರನಿಗೆ, ಬಡಗಿಗೆ, ಕ್ಷೌರಿಕನಿಗೆ, ಅಗಸರವನಿಗೆ, ಕುಂಬಾರನಿಗೆ, ನೀರುಗಂಟಿಗೆ, ತಳವಾರನಿಗೆ, ಪೂಜಾರಿಗೆ ಆಯ. ವರ್ಷವಿಡೀ ಕುಳ ತಟ್ಟಿದ್ದಕ್ಕೆ, ಗಡ್ಡ ಹೆರೆದದ್ದಕ್ಕೆ, ಬಟ್ಟೆ ಒಗೆದದ್ದಕ್ಕೆ ಕಾಸಿನ ಮಾತಿರಲಿಲ್ಲ. ಎಲ್ಲದಕ್ಕೂ ರಾಗಿ. ಕೊನೆಗೆ ಜೋಗಿ, ದಾಸಯ್ಯ, ಕಣದ ಅಂಚಿಗೆ ಬಂದು ನಿಂತ ಯಾರೇ ಆದರೂ ಸೆರಗೊಡ್ಡಿದರೆ ಒಂದು ಮೊರ.

ಅವ್ವನ ಸೇರು ಕಬ್ಬಿಣದ್ದು. ನಾಲ್ಕು ಪಾವಿಗೆ ಒಂದು ಸೇರು, ನೂರು ಸೇರಿಗೆ ಒಂದು ಪಲ್ಲ. ಅಷ್ಟು ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಆ ಒಂದೇ ಸೇರಿಗೆ ಎರಡು ಅಳತೆ ಇತ್ತು ಅನ್ನುವುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ನೆಂಟರಿಗೆ, ಪೂಜಾರಿಗೆ, ಕಮ್ಮಾರನಿಗೆ ಅವ್ವ ಸೇರಿನ ಮೇಲೆ ರಾಗಿ ಗೋಪುರ ಕಟ್ಟಿ ನಿಲ್ಲುವಷ್ಟು ತುಂಬಿ ಸುರಿಯುತ್ತಿದ್ದಳು. ಕೆಳಗಿನ ಕೇರಿಯವರಿಗೆ ಅಳೆಯುವಾಗ ಅಂಗೈಯಿಂದ ಒಂದು ಸಲ ಸವರುತ್ತಿದ್ದಳು. ಗೋಪುರ ಬಿದ್ದುಹೋಗುತ್ತಿತ್ತು.

ಹಗೇವಿಗೆ ಇಳಿಯುತ್ತಿದ್ದವನು ಆ ಕೇರಿಯವನು. ತನ್ನ ಮದುವೆಗೆ ತೆಗೆದುಕೊಂಡ ಸಾಲಕ್ಕೆ ನಮ್ಮ ಮನೆಯಲ್ಲಿ ಜೀತಕ್ಕಿದ್ದ. ವರ್ಷಕ್ಕೆ ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ. ಅವನ ಮಗ ನನ್ನದೇ ಓರಗೆ. ಇಬ್ಬರೂ ಒಂದೇ ಕೆರೆಯಲ್ಲಿ ಈಜಿದೆವು, ಒಂದೇ ಮರದ ಹುಣಸೆ ಕದ್ದೆವು, ಮಳೆ ಬಾರದ ವರ್ಷ ಹಲಗೆಯ ಮೇಲೆ ಮಣ್ಣಿನ ಮಳೆರಾಯನನ್ನು ಹೊತ್ತು ಮನೆಮನೆಗೆ ಹೋದೆವು. ನಮ್ಮ ಮನೆ ಬಾಗಿಲಿಗೆ ಬಂದಾಗ ಅವನು ಮಾತ್ರ ಅಂಗಳದಾಚೆ ನಿಲ್ಲುತ್ತಿದ್ದ. ಅವನ ಕೈಗೆ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಅದು ತಪ್ಪೆಂದು ನನಗೂ ಅನ್ನಿಸಿರಲಿಲ್ಲ, ನಾನೂ ಹೊಯ್ದಿದ್ದೇನೆ.

ಆಮೇಲೆ ಒಂದೊಂದಾಗಿ ಕಾನೂನುಗಳು ಬಂದವು. 1974ರಲ್ಲಿ ಭೂಸುಧಾರಣೆ, 1976ರಲ್ಲಿ ಜೀತ ರದ್ದತಿ. ರೇಡಿಯೋದಲ್ಲಿ ದೇವರಾಜ ಅರಸರ ಹೆಸರು ಬಂದರೆ ಮೇಲಿನ ಕೇರಿಯಲ್ಲಿ ಸದ್ದು ಕಡಿಮೆ ಮಾಡುತ್ತಿದ್ದರು, ಕೆಳಗಿನ ಕೇರಿಯಲ್ಲಿ ಹೆಚ್ಚಿಸುತ್ತಿದ್ದರು. ಒಂದು ಬೆಳಿಗ್ಗೆ ಗೆಳೆಯನ ಅಪ್ಪ ಕೊಟ್ಟಿಗೆ ಗುಡಿಸಲು ಬರಲಿಲ್ಲ. ಸಾಲ ಹೋಯಿತೆಂದು ತಾತ ಗೊಣಗಿದ. ಸಗಣಿ ಬಾಚುವುದು ನನ್ನ ಪಾಲಿಗೆ ಬಂತು. ಮುಂದೆ ಅವರಿಗೆ ದರಖಾಸ್ತಿನಲ್ಲಿ ಗುಡ್ಡದ ಪಕ್ಕ ಎರಡೆಕರೆ ಸಿಕ್ಕಿತು. ಕಲ್ಲು ನೆಲ. ಅಪ್ಪ ಮಗ ಸೇರಿ ವರ್ಷಾನುಗಟ್ಟಲೆ ಕಲ್ಲು ಆರಿಸಿದರು. ಆ ಕಲ್ಲುಗಳೇ ಹೊಲಕ್ಕೆ ಬೇಲಿಯಾದವು.

ಊರಿಗೆ ರೊಕ್ಕ ಬಂದದ್ದು ರೇಷ್ಮೆಯ ಮೇಲೇರಿ. ಕಪಿಲೆ ಬಾವಿಗಳಿಗೆ ಕರೆಂಟ್ ಮೋಟಾರು ಬಂದ ಮೇಲೆ ಹಿಪ್ಪುನೇರಳೆ ತೋಟಗಳೆದ್ದವು. ಹುಳು ಸಾಕುವ ಮನೆಯಲ್ಲಿ ನಮಗೆ ಮಲಗಲು ಜಾಗವಿಲ್ಲ, ತಟ್ಟೆಗಳು ಸೂರಿನವರೆಗೆ. ಹುಳುವಿಗೆ ನಾಲ್ಕು ಸಲ ಜ್ವರ ಬರುತ್ತದೆ, ಅಂದರೆ ಪೊರೆ ಬಿಡುತ್ತದೆ. 'ಎರಡನೇ ಜ್ವರ ಎದ್ದವೇನಮ್ಮಾ?' ಎಂದು ಹೆಂಗಸರು ಒಬ್ಬರನ್ನೊಬ್ಬರು ವಿಚಾರಿಸುವುದನ್ನು ಕೇಳಿ, ಪರಊರಿನಿಂದ ಬಂದ ಮೇಷ್ಟರೊಬ್ಬರು ಮಕ್ಕಳಿಗೆ ಕಾಯಿಲೆಯೆಂದೇ ತಿಳಿದಿದ್ದರು. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮೇಯುವ ಸದ್ದು, ಮಾಳಿಗೆ ಮೇಲೆ ತುಂತುರು ಮಳೆ ಬಿದ್ದ ಹಾಗೆ. ಮುಟ್ಟಾದವರು, ಸಾವಿನ ಮನೆಗೆ ಹೋಗಿ ಬಂದವರು ಆ ಕೋಣೆಗೆ ಕಾಲಿಡುವಂತಿಲ್ಲ. ಒಗ್ಗರಣೆ ಘಾಟು ಏಳುವಂತಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ರಾತ್ರಿ ನಾಯನ ನಿದ್ದೆ ಮಾಡುತ್ತಿರಲಿಲ್ಲ. ಹಾಲುತೊಂಡೆಯೋ ಸಪ್ಪೆರೋಗವೋ ಸುಣ್ಣಕಟ್ಟೋ ಬಂದರೆ ತಿಂಗಳ ದುಡಿಮೆ ತಿಪ್ಪೆಗೆ. ಬರದಿದ್ದರೆ ಗೂಡಿನ ಮೂಟೆ ಬಸ್ಸಿನ ಟಾಪಿಗೆ ಏರಿ ಶಿಡ್ಲಘಟ್ಟಕ್ಕೆ. ಹರಾಜಿನಲ್ಲಿ ಒಳ್ಳೆ ಬೆಲೆ ಸಿಕ್ಕ ದಿನ ನಾಯನ ಹೊಟ್ಟೆ ತುಂಬ ಪೂರಿ ತಿಂದು, ಅವ್ವನಿಗೆ ಖಾರದ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದ. ಮೂರು ಬೆಳೆ ಗೂಡಿನ ದುಡ್ಡಿನಲ್ಲಿ ನಮ್ಮ ಮಾಳಿಗೆ ಇಳಿದು ಮಾಲೂರಿನ ಹೆಂಚು ಬಂತು. ಸೋರುವ ಸದ್ದು ನಿಂತಿತು.

ಎಂಬತ್ತರ ದಶಕದಲ್ಲಿ ಹಾಲಿನ ಡೇರಿ. ಸೀಮೆಹಸು ಕಂಡು ಅವ್ವ ಮೊದಲು ನಕ್ಕಳು: 'ಇದಕ್ಕೆ ಹಿಣಿಲೇ ಇಲ್ಲ, ಇದೂ ಒಂದು ಹಸುವಾ?' ಕೋಲಾರದ ಹಳ್ಳಿಗಳಲ್ಲಿ ಹಾಲಿನ ಮಾತು ಬಂದಾಗ ಹಿರಿಯರು ಈ ಸೀಮೆಯಲ್ಲಿ ಹೈನುಗಾರಿಕೆ ಬೆಳೆಸಿದ ಎಂ.ವಿ. ಕೃಷ್ಣಪ್ಪನವರನ್ನು ನೆನೆಯದೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಹೆಂಗಸರ ಸಾಲು, ಕ್ಯಾನು, ಡಿಗ್ರಿ ನೋಡುವ ಗಾಜಿನ ಕಡ್ಡಿ. ವಾರದ ಬಟವಾಡೆ ಕೈಗೆ ಬಂದಾಗ ನನ್ನ ಅಮ್ಮ ತನ್ನ ಹೆಸರಿನಲ್ಲಿ ಹೆಬ್ಬೆಟ್ಟು ಒತ್ತಿ ಮೊದಲ ಸಲ ದುಡ್ಡು ಎಣಿಸಿದಳು. ಡೇರಿ ಸಾಲಿನಲ್ಲಿ ಮೇಲಿನ ಕೇರಿ ಕೆಳಗಿನ ಕೇರಿ ಅಂತಿರಲಿಲ್ಲ, ಮೊದಲು ಬಂದವರು ಮೊದಲು. ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಅವ್ವ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಬಟವಾಡೆಯಲ್ಲಿ ಎಲೆಯಡಿಕೆ ಬಂದ ಮೇಲೆ ಸರಿಹೋದಳು.

ರಾಗಿಯೂ ಬದಲಾಯಿತು. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಮಾಡಿದ ಇಂಡಾಫ್ ತಳಿಗಳು ಬಂದು ಕಣದ ರಾಶಿ ಎತ್ತರವಾಯಿತು. ಹಾಗೆ ಎತ್ತರವಾದ ಹೊತ್ತಿಗೇ ಜನ ರಾಗಿ ಬಿಡತೊಡಗಿದ್ದರು. ಆಯ ಕೇಳುವವರು ಪೇಟೆ ಸೇರಿದರು. ಹಗೇವಿಗೆ ಮಣ್ಣು ತುಂಬಿ ನಾವು ಅದರ ಮೇಲೆ ಬೈಕ್ ನಿಲ್ಲಿಸಿದೆವು.

ಬಾವಿ ಬತ್ತಿದ ಮೇಲೆ ಬೋರ್‌ವೆಲ್. ಮೊದಲು ಇನ್ನೂರು ಅಡಿ, ಆಮೇಲೆ ಐನೂರು, ಆಮೇಲೆ ಸಾವಿರವನ್ನೂ ದಾಟಿತು. ತೆಂಗಿನಕಾಯಿ ಅಂಗೈಯಲ್ಲಿ ಎದ್ದು ನಿಂತ ಕಡೆಯೆಲ್ಲ ನಾಯನ ಕೊರೆಸಿದ. ಎರಡರಲ್ಲಿ ಬರೀ ದೂಳು. ದೂಳು ಊರ ಮೇಲೆ ಬಂದು ಕೂತ ದಿನ ಮನೆಯಲ್ಲಿ ಒಲೆ ಹತ್ತಲಿಲ್ಲ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿತು. ಮಾವ ಬರಿಗೈಯಲ್ಲಿ ಊರಿಗೆ ಬಂದ. ಅವನು ಇಳಿಯುವುದನ್ನು ನಿಲ್ಲಿಸಿದ, ನಮ್ಮ ಬೋರುಗಳು ಇಳಿಯುತ್ತಲೇ ಹೋದವು. ಕೆರೆಯಲ್ಲಿ ಜಾಲಿ ಬೆಳೆದು, ನಾವು ಈಜಿದ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡಿದರು.

ಉಳಿದ ನೀರಿಗೆ ಟೊಮೆಟೊ. ಹನಿ ನೀರು, ಕೋಲು, ದಾರ, ಔಷಧಿ. ಕೋಲಾರದ ಮಂಡಿಯಲ್ಲಿ 15 ಕೆ.ಜಿ.ಯ ಬಾಕ್ಸು ರಾಜ ಮಾಡುತ್ತದೆ, ಇಲ್ಲವೇ ರಸ್ತೆಗೆ ಸುರಿಸುತ್ತದೆ. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ರೂಪಾಯಿ ದಾಟಿದಾಗ ತೋಟಕ್ಕೆ ರಾತ್ರಿ ಕಾವಲು ಹಾಕಿದ್ದರು. ನಮ್ಮ ಹೊಲದ ಅರ್ಧಕ್ಕೆ ಈಗ ಮಾವು. ಶ್ರೀನಿವಾಸಪುರದ ಹಾದಿಯುದ್ದಕ್ಕೂ ತೋತಾಪುರಿ, ಬಾದಾಮಿ, ನೀಲಂ. ಒಂದು ವರ್ಷ ಮೈತುಂಬ ಫಲ, ಮರುವರ್ಷ ಬರೀ ಎಲೆ. ಹೂವಿನಲ್ಲೇ ತೋಟ ಗುತ್ತಿಗೆಗೆ ಕೊಟ್ಟು ನನ್ನಂಥವರು ಬೆಂಗಳೂರಿನಲ್ಲಿ ಕೂತಿದ್ದೇವೆ.

2018ರ ಜೂನ್‌ನಲ್ಲಿ ಆ ಬೆಂಗಳೂರಿನ ಕೊಳಚೆ ನೀರೇ ಸಂಸ್ಕರಣೆಗೊಂಡು ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ನಾವು ಹಾಲು, ಸೊಪ್ಪು, ಟೊಮೆಟೊ ಕಳಿಸಿದೆವು. ಅವರು ಬಚ್ಚಲು ನೀರು ವಾಪಸು ಕಳಿಸಿದರು ಎಂದು ನಮ್ಮೂರ ಕಟ್ಟೆಯಲ್ಲಿ ನಗುತ್ತಾರೆ. ಬೋರುಗಳಲ್ಲಿ ನೀರು ಮೇಲೆ ಬಂತೆಂದು ಹಾಗೆ ನಕ್ಕವರೇ ಒಪ್ಪುತ್ತಾರೆ, ಕುಡಿಯಲು ಆಗದೆಂದೂ ಅವರೇ ಅನ್ನುತ್ತಾರೆ. ನಮ್ಮ ಕೆರೆಗೆ ಆ ಪೈಪು ಬರಲಿಲ್ಲ. 2021ರ ನವೆಂಬರಿನಲ್ಲಿ ಬಿದ್ದ ಮಳೆಗೆ ಅದು ತಾನೇ ಕೋಡಿ ಬಿತ್ತು. ಸುದ್ದಿ ತಿಳಿದು ನಾನು ಓಡಿಬಂದೆ.

ಕೋಡಿಯ ಮೇಲೆ ಗೆಳೆಯ ನಿಂತಿದ್ದ. ಪಂಚೆ ಎತ್ತಿಕಟ್ಟಿ, ತಲೆಯೆಲ್ಲ ಬೆಳ್ಳಗೆ. ಇಬ್ಬರೂ ಸ್ವಲ್ಪ ಹೊತ್ತು ನೀರು ನೋಡಿದೆವು. ಆಮೇಲೆ, 'ರಾಗಿ ಎಲ್ಲಾದರೂ ಸಿಗುತ್ತಾ?' ಅಂದೆ. ಊರಿಗೆ ರಾಗಿ ಬೆಳೆಯುವವನು ಈಗ ಅವನೊಬ್ಬನೇ. ಅದೇ ಗುಡ್ಡದ ಪಕ್ಕದ ಎರಡೆಕರೆ. 'ಈ ಸಲದ್ದು ಮಳೆಗೆ ನೆಂದೈತೆ. ಹಳೇದು ಐತೆ, ಬಾ' ಅಂದ.

ಅವನ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವನ ಹೆಂಡತಿ ಗುಡಾಣದ ಮುಚ್ಚಳ ತೆಗೆದು, ಕೈಗೆ ಸೇರು ತೆಗೆದುಕೊಂಡರು. ಕಬ್ಬಿಣದ್ದು, ಕಂಠದಲ್ಲಿ ಒಂದು ಸೀಳು. ನಮ್ಮದೇ. ಅವ್ವ ಹೋದ ಮೇಲೆ ಹಳೆ ಸಾಮಾನು ವಿಲೇವಾರಿ ಮಾಡಿದಾಗ ಗುಜರಿಯವನ ಗಾಡಿಯಿಂದ ಇವನು ಕೊಂಡಿದ್ದನಂತೆ. 'ಒಳ್ಳೇ ಸೇರು, ಸುಮ್ನೆ ಕರಗಿಸ್ತಾರೆ ಅಂತ' ಅಂದ, ಅಷ್ಟೇ.

ನಾನು ಚೀಲದ ಬಾಯಿ ಹಿಡಿದು ಕೂತೆ. ಆಕೆ ತುಂಬಿ, ಗೋಪುರ ಕಟ್ಟಿ, ಕೆಳಗೆ ಚೆಲ್ಲಿದ್ದನ್ನೂ ಬಾಚಿ ಸುರಿದು, 'ಲಾಭಂ' ಅಂದರು. ರೆಂಡು, ಮೂಡು. ಪ್ರತಿ ಸೇರಿಗೂ ನನ್ನ ಕಣ್ಣು ಅವರ ಅಂಗೈಯ ಮೇಲೇ ಇತ್ತು. ಆರು ಆಯಿತು. 'ಆರುನ್ನೊಕಟಿ' ಅಂದರು, ಆ ಸೇರಿಗೂ ಅಂಗೈ ಅಡ್ಡ ಬರಲಿಲ್ಲ.

ಹತ್ತು ಸೇರಿಗೆ ದುಡ್ಡು ಎಷ್ಟು ಅಂತ ಕೇಳಿದೆ. ಗೆಳೆಯ ಮಾರುಕಟ್ಟೆ ಬೆಲೆ ಹೇಳಿದ, ನಾನು ಕೊಟ್ಟೆ, ಅವನು ಎಣಿಸಿ ಜೇಬಿಗಿಟ್ಟ. ಕುಡಿಯಲು ನೀರು ಕೇಳಿದೆ. ಚೆಂಬನ್ನು ಕೈಗೇ ಕೊಟ್ಟ.